ಅಟ್ಟದ ಮೇಲಣ ತಂತಿ, ಬೆಟ್ಟದಾಚೆಯ ದನಿ

ಮಳೆಗಾಲದ ಮಲೆನಾಡು ನೋಡುವ ಕಣ್ಣಿಗೆ ಎಷ್ಟು ಚೆಲುವೋ ಅಲ್ಲಿ ಬಾಳುವವರಿಗೆ ಅಷ್ಟೇ ಕಠಿಣ. ಶ್ರೀ ಸಕಲೇಶ್ವರಸ್ವಾಮಿಯ ಹೆಸರನ್ನೇ ತನ್ನ ಹೆಸರಾಗಿ ಪಡೆದ ಸಕಲೇಶಪುರ, ಅದರ ಮೂಡಣ ನೆರೆಯಾದ ಆಲೂರು, ಈ ಎರಡು ತಾಲ್ಲೂಕುಗಳಲ್ಲಿ ಮನೆಗಳು ಬಯಲುಸೀಮೆಯ ಹಳ್ಳಿಗಳಂತೆ ಒಂದಕ್ಕೊಂದು ಅಂಟಿಕೊಂಡು ನಿಂತಿಲ್ಲ. ಕಾಫಿ, ಏಲಕ್ಕಿ, ಮೆಣಸಿನ ತೋಟಗಳ ನಡುವೆ ಒಂದೊಂದು ದಿಣ್ಣೆಗೆ ಒಂದೊಂದು ಮನೆ. ಮನೆಯಿಂದ ಮನೆಗೆ ನಡುವೆ ಒಂದು ಹಳ್ಳ, ಒಂದು ಕಾಡು, ಒಂದು ಏರು. ಮಗ ಬೆಂಗಳೂರಿನಲ್ಲಿ, ಮಗಳು ಹೊರದೇಶದಲ್ಲಿ, ತೋಟದ ಮನೆಯಲ್ಲಿ ವಯಸ್ಸಾದ ತಂದೆತಾಯಿಗಳಿಬ್ಬರೇ. ಇಂಥ ಕುಟುಂಬಗಳು ನಮ್ಮ ಸಮಾಜದಲ್ಲಿ ಇಂದು ಕಡಮೆಯೇನೂ ಇಲ್ಲ.

2018ರ ಆಗಸ್ಟ್ ತಿಂಗಳ ಮಳೆಯಲ್ಲಿ ಶಿರಾಡಿ ಘಾಟಿಯ ರಸ್ತೆಯೂ ಸಕಲೇಶಪುರ–ಸುಬ್ರಹ್ಮಣ್ಯ ರೈಲುಮಾರ್ಗವೂ ಗುಡ್ಡ ಕುಸಿದು ನಿಂತುಹೋದುದನ್ನು ಓದುಗರು ಮರೆತಿರಲಾರರು. 2024ರ ಜುಲೈ ತಿಂಗಳಿನಲ್ಲಿ ಸಕಲೇಶಪುರದ ಬಳಿಯ ದೊಡ್ಡತಪ್ಪಲಿನಲ್ಲಿ ಹೆದ್ದಾರಿಯ ಮೇಲೆ ಮತ್ತೆ ಗುಡ್ಡ ಜರಿಯಿತು. ಅದೇ ತಿಂಗಳು ಎಡಕುಮೇರಿಯ ಬಳಿ ಮಣ್ಣು ಜಾರಿ ರೈಲುಗಳು ನಿಂತವು. ದಾರಿ ಮುಚ್ಚುವ ಮಳೆಯೇ ವಿದ್ಯುತ್ ಕಂಬಗಳನ್ನೂ ಉರುಳಿಸುತ್ತದೆ. ಕರೆಂಟು ಹೋಗಿ ದಿನಗಳು ಉರುಳಿದರೆ ಮೊಬೈಲ್ ಗೋಪುರದ ಬ್ಯಾಟರಿಯೂ ಸೋಲುತ್ತದೆ. ಕಾಲಿನ ದಾರಿಯೂ ಮಾತಿನ ದಾರಿಯೂ ಒಟ್ಟಿಗೇ ಮುಚ್ಚಿದಾಗ ಮನೆಯೊಳಗಿನವರಿಗೆ ಹೊರಗಿನ ಸುದ್ದಿಯಿಲ್ಲ, ಹೊರಗಿನವರಿಗೆ ಮನೆಯ ಸುದ್ದಿಯಿಲ್ಲ.

ಇಂಥ ಸಮಯದಲ್ಲಿ ಯಾವ ಗೋಪುರವನ್ನೂ ನೆಚ್ಚದೆ, ಒಂದು ಬ್ಯಾಟರಿ, ಒಂದು ಪುಟ್ಟ ಯಂತ್ರ, ಒಂದು ತಂತಿ ಇಷ್ಟನ್ನೇ ನೆಚ್ಚಿ ನೂರಾರು ಮೈಲಿ ಮಾತು ಕಳುಹಿಸುವ ವಿದ್ಯೆಯೊಂದಿದೆ. ಅದೇ ಹವ್ಯಾಸಿ ರೇಡಿಯೋ; ಲೋಕರೂಢಿಯಲ್ಲಿ ‘ಹ್ಯಾಮ್ ರೇಡಿಯೋ’. ಅದರ ತಂತಿಯನ್ನು ನಮ್ಮ ಮಲೆನಾಡಿನ ಹಂಚಿನ ಮನೆಯ ಅಟ್ಟದಲ್ಲಿಯೇ ಕಟ್ಟಬಹುದು. ಅಷ್ಟೇ ಅಲ್ಲ, ತಗ್ಗಿನಲ್ಲಿರುವುದು ದೋಷವೆಂದು ಪುಸ್ತಕಗಳು ಹೇಳುವ ಈ ತಂತಿ ಬೆಟ್ಟಸೀಮೆಗೆ ಗುಣವಾಗಿಯೇ ಪರಿಣಮಿಸುತ್ತದೆ. ಇದನ್ನು ನಮ್ಮ ಕುಟುಂಬಗಳಿಗೆ ತಿಳಿಯಹೇಳುವುದೇ ಈ ಲೇಖನದ ಉದ್ದೇಶ.

ಮನೆಯಿಂದ ಹೊರಟ ದನಿ

ಮನೆಯೊಂದರಿಂದ ಬಾನಿಗೆ ದನಿ ಕಳುಹಿಸುವುದು ಕನ್ನಡನಾಡಿಗೆ ಹೊಸತಲ್ಲ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ಒಂಟಿಕೊಪ್ಪಲಿನ ತಮ್ಮ ಮನೆ ‘ವಿಠ್ಠಲ ವಿಹಾರ’ದಲ್ಲಿಯೇ 30 ವಾಟ್ ಶಕ್ತಿಯ ಪ್ರೇಷಕಯಂತ್ರವನ್ನಿಟ್ಟು ಪ್ರಸಾರ ಆರಂಭಿಸಿದರು. ವಿಯು6ಎಎಚ್ ಎಂಬುದು ಆ ನಿಲಯದ ಕರೆಸಂಕೇತ. ‘ಆಕಾಶವಾಣಿ’ ಎಂಬ ಹೆಸರು ಅಲ್ಲಿ ಬಳಕೆಗೆ ಬಂದು, ಮುಂದೆ ಇಡೀ ದೇಶದ ಬಾನುಲಿಗೇ ನಿಂತಿತು. ಮನೆಯ ಒಂದು ವಿದ್ಯುದ್ದೀಪ ಉಣ್ಣುತ್ತಿದ್ದಷ್ಟು ಶಕ್ತಿಯಿಂದ ಒಬ್ಬ ಅಧ್ಯಾಪಕರು ಮನೆಯ ಛಾವಣಿಯಡಿಯಲ್ಲಿ ತೊಡಗಿದ ಕೆಲಸ ಎಷ್ಟು ದೂರ ಹರಿಯಿತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಹಾಸನ ಜಿಲ್ಲೆಗೂ ಈ ವಿದ್ಯೆಯೊಡನೆ ನಂಟಿದೆ. ಹಾಸನದಲ್ಲಿ 1982ರಲ್ಲಿ ಸ್ಥಾಪನೆಗೊಂಡ ಇಸ್ರೋ ಸಂಸ್ಥೆಯ ಮುಖ್ಯ ನಿಯಂತ್ರಣ ಕೇಂದ್ರವು ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುವ ಉಪಗ್ರಹಗಳೊಡನೆ ಹಗಲಿರುಳೂ ಮಾತನಾಡುತ್ತಿದೆ. ಅದೇ ಇಸ್ರೋ ಸಂಸ್ಥೆಯು ಹವ್ಯಾಸಿಗಳಿಗಾಗಿಯೇ ನಿರ್ಮಿಸಿದ ‘ಹ್ಯಾಮ್‌ಸ್ಯಾಟ್’ ಎಂಬ ಪುಟ್ಟ ಉಪಗ್ರಹವನ್ನು 2005ರ ಮೇ 5ರಂದು ಹಾರಿಸಿತು. ದೊಡ್ಡ ತಟ್ಟೆಯಾಕಾರದ ಆಂಟೆನಾ ಆಗಲಿ, ಅಟ್ಟದ ಎಳೆತಂತಿಯಾಗಲಿ, ತತ್ತ್ವ ಒಂದೇ. ವಿದ್ಯುತ್ತು ತಂತಿಯಲ್ಲಿ ಹಿಂದುಮುಂದಾಗಿ ವೇಗವಾಗಿ ತುಯ್ದಾಡಿದಾಗ ಅದರಿಂದ ಅಲೆಗಳು ಹೊರಟು ಬಾನಿಗೆ ಹರಡುತ್ತವೆ. ಜರ್ಮನಿಯ ಹೈನ್ರಿಚ್ ಹರ್ಟ್ಸ್ 1880ರ ದಶಕದ ಕೊನೆಯಲ್ಲಿ ಇದನ್ನು ಪ್ರಯೋಗದಿಂದ ತೋರಿಸಿದರು. 1895ರಲ್ಲಿ ಕಲ್ಕತ್ತೆಯಲ್ಲಿ ನಮ್ಮವರೇ ಆದ ಜಗದೀಶಚಂದ್ರ ಬೋಸರು ಗೋಡೆಗಳನ್ನು ದಾಟಿ ಅಲೆ ಸಾಗುವುದನ್ನು ಜನರ ಮುಂದೆ ತೋರಿಸಿದರು. ಮನೆಯೊಳಗಿನ ತಂತಿ ಹೊರಗೆ ಮಾತನಾಡೀತೇ ಎಂದು ಕೇಳುವವರಿಗೆ ಬೋಸರ ಆ ಪ್ರಯೋಗವೇ ಉತ್ತರ.

ತರ್ಕಶಾಸ್ತ್ರದಲ್ಲಿ ಶಬ್ದವನ್ನು ಆಕಾಶದ ಗುಣವೆಂದು ಹೇಳಿದೆ. ಮಠದ ಪಾಠಶಾಲೆಯಲ್ಲಿ ಇದನ್ನು ಬಾಯಿಪಾಠ ಮಾಡಿದ ನಮ್ಮಂಥವರಿಗೆ ಬಾನುಲಿಯ ಸಂಗತಿ ಬಂದಾಗ ಆ ಮಾತು ನೆನಪಾಗುವುದು ಸಹಜ. ಆದರೆ ಇದನ್ನೇ ಹಿಡಿದು ನಮ್ಮ ಹಿರಿಯರಿಗೆ ರೇಡಿಯೋ ತಿಳಿದಿತ್ತೆಂದು ಹೇಳಹೊರಡುವುದು ಶಾಸ್ತ್ರಕ್ಕೂ ವಿಜ್ಞಾನಕ್ಕೂ ನ್ಯಾಯವಲ್ಲ. ರೇಡಿಯೋ ಅಲೆ ಶಬ್ದವಲ್ಲ. ಅದು ಬೆಳಕಿನ ಜಾತಿಗೆ ಸೇರಿದ್ದು, ಬೆಳಕಿನ ವೇಗದಲ್ಲಿಯೇ ಓಡುವಂಥದು. ಶಬ್ದವನ್ನು ಅದು ಹೊತ್ತೊಯ್ಯುತ್ತದೆ, ಅಷ್ಟೆ.

ಬೆಟ್ಟಕ್ಕೆ ಬಡಿಯುವ ಅಲೆ, ಬೆಟ್ಟವನ್ನು ದಾಟುವ ಅಲೆ

ಮಲೆನಾಡಿನವರಿಗೆ ಒಂದು ಅನುಭವ ತಾನಾಗಿಯೇ ಇರುತ್ತದೆ. ದಿಣ್ಣೆಯ ಮೇಲೆ ನಿಂತಾಗ ಎಫ್‌ಎಂ ಬಾನುಲಿ ತಿಳಿಯಾಗಿ ಕೇಳುತ್ತದೆ. ಕಣಿವೆಗೆ ಇಳಿದರೆ ಅದೇ ದನಿ ಕರಕರವೆಂದು ಕಾಣೆಯಾಗುತ್ತದೆ. ಎಫ್‌ಎಂ ಅಲೆಗಳು, ಮೊಬೈಲಿನ ಅಲೆಗಳು, ಹವ್ಯಾಸಿಗಳು ಕೈಯಲ್ಲಿ ಹಿಡಿದು ಮಾತನಾಡುವ ಎರಡು ಮೀಟರ್ ಪಟ್ಟಿಯ ಅಲೆಗಳು ಎಲ್ಲವೂ ಬಹುಮಟ್ಟಿಗೆ ನೇರದಾರಿಯವು. ಕಣ್ಣಿಗೆ ಕಾಣುವಷ್ಟು ದೂರ ಹೋದಾವು. ಅಡ್ಡ ಬೆಟ್ಟ ಬಂದರೆ ಅಲ್ಲಿಗೇ ಮುಗಿಯಿತು. ಹೀಗಾಗಿ ಕಣಿವೆಯ ಮನೆಯವರು ಇಂಥ ಅಲೆಯನ್ನು ನೆಚ್ಚಬೇಕಾದರೆ ಬೆಟ್ಟದ ತುದಿಯಲ್ಲಿ ಒಂದು ಮರುಪ್ರಸಾರ ಕೇಂದ್ರವಿರಬೇಕು. ಅದಕ್ಕೆ ಮತ್ತೆ ವಿದ್ಯುತ್ತು ಬೇಕು, ಕಾಯುವವರು ಬೇಕು.

ಸುಮಾರು 3ರಿಂದ 30 ಮೆಗಾಹರ್ಟ್ಸ್‌ವರೆಗಿನ ಕಿರುತರಂಗಗಳ ನಡೆ ಬೇರೆ. ನಮ್ಮ ತಲೆಯ ಮೇಲೆ ನೂರಾರು ಕಿಲೋಮೀಟರ್ ಎತ್ತರದಲ್ಲಿ ಸೂರ್ಯನ ಕಿರಣಗಳಿಂದ ಗಾಳಿಯ ಅಣುಗಳು ಒಡೆದು ವಿದ್ಯುದಂಶ ತಳೆದಿರುವ ಪದರಗಳಿವೆ. ಇವಕ್ಕೆ ಅಯಾನುಮಂಡಲವೆಂದು ಹೆಸರು. ಕಿರುತರಂಗವು ಅಲ್ಲಿಗೇರಿ ಬಾಗಿ ಮರಳಿ ನೆಲಕ್ಕೆ ಬೀಳುತ್ತದೆ. 1901ರಲ್ಲಿ ಮಾರ್ಕೋನಿಯವರು ಅಟ್ಲಾಂಟಿಕ್ ಸಾಗರದಾಚೆ ಸಂಜ್ಞೆ ಮುಟ್ಟಿಸಿದಾಗ, ಭೂಮಿ ಗುಂಡಗಿದ್ದೂ ಅಲೆ ಹೇಗೆ ಸಾಗಿತೆಂಬುದು ಒಗಟಾಗಿತ್ತು. 1924ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಆ್ಯಪಲ್ಟನ್ ಈ ಪದರದ ಇರವನ್ನು ಪ್ರಯೋಗದಿಂದ ಸ್ಥಾಪಿಸಿದ ಮೇಲೆ ಒಗಟು ಬಿಡಿಸಿತು.

ಇನ್ನು ನಮ್ಮ ವಿಷಯದ ತಿರುಳು. ಅಡ್ಡಲಾಗಿ ಕಟ್ಟಿದ ತಂತಿ ನೆಲದಿಂದ ತುಂಬ ಎತ್ತರದಲ್ಲಿದ್ದರೆ ಅಲೆಗಳು ದಿಗಂತದ ಕಡೆಗೆ ಓರೆಯಾಗಿ ಹೊರಟು, ಬಹುದೂರ ಹೋಗಿ ಬೀಳುತ್ತವೆ. ಹೊರದೇಶದವರೊಡನೆ ಮಾತನಾಡಬಯಸುವ ಹವ್ಯಾಸಿಗಳು ಎತ್ತರದ ಕಂಬಕ್ಕಾಗಿ ಹಂಬಲಿಸುವುದು ಇದಕ್ಕೇ. ತಂತಿ ತಗ್ಗಿನಲ್ಲಿದ್ದರೆ ಅಲೆಗಳು ಬಹುಪಾಲು ನೆಟ್ಟಗೆ ನೆತ್ತಿಯ ಮೇಲಕ್ಕೆ ಏರುತ್ತವೆ. ಪದರದಿಂದ ಮರಳಿ ಕಾರಂಜಿಯ ನೀರಿನಂತೆ ಸುತ್ತಲೂ ಮುನ್ನೂರು ನಾನ್ನೂರು ಕಿಲೋಮೀಟರ್ ಸೀಮೆಯ ಮೇಲೆ ಬೀಳುತ್ತವೆ. ಮೇಲಿನಿಂದ ಬೀಳುವ ಮಳೆಗೆ ಬೆಟ್ಟವೇನು, ಕಣಿವೆಯೇನು? ಸಕಲೇಶಪುರದಿಂದ ಬೆಂಗಳೂರಿಗಾಗಲಿ ಮಂಗಳೂರಿಗಾಗಲಿ ಮಾತು ಮುಟ್ಟಬೇಕಾದರೆ ಅಲೆ ನೆಲದಿಂದ 70 ಡಿಗ್ರಿಗೂ ಮಿಕ್ಕ ಕೋನದಲ್ಲಿ, ಎಂದರೆ ಹೆಚ್ಚುಕಡಮೆ ನೆತ್ತಿಯ ಮೇಲಕ್ಕೇ, ಏರಬೇಕು. ಅಟ್ಟದ ತಂತಿ ಮಾಡುವುದು ಇದನ್ನೇ. ದೂರ ದೇಶದ ಮಾತಿಗೆ ಕೊರತೆಯೆನಿಸಿದ ತಗ್ಗು ನೆರೆನಾಡಿನ ಮಾತಿಗೆ ವರವಾಗುತ್ತದೆ. ತಗ್ಗಿ ನಡೆದವರ ಮಾತು ಹೆಚ್ಚು ಮನೆಗಳನ್ನು ಮುಟ್ಟುತ್ತದೆಂಬ ಶರಣರ ನಡೆಗೆ ಪ್ರಕೃತಿಯಲ್ಲಿಯೇ ಒಂದು ಉಪಮಾನ ಸಿಕ್ಕಿದಂತಾಯಿತು.

ಈ ಕೆಲಸಕ್ಕೆ ಹಗಲಿನ ಹೊತ್ತು ಒದಗುವುದು 40 ಮೀಟರ್ ಪಟ್ಟಿ; ನಮ್ಮ ದೇಶದಲ್ಲಿ ಹವ್ಯಾಸಿಗಳಿಗೆ 7.0ರಿಂದ 7.2 ಮೆಗಾಹರ್ಟ್ಸ್‌ವರೆಗೆ ಅವಕಾಶವಿದೆ. ರಾತ್ರಿ ಸೂರ್ಯನ ಬಲವಿಲ್ಲದೆ ಪದರ ತೆಳುವಾದಾಗ ನೆತ್ತಿಗೇರಿದ ಅಲೆ ಪದರವನ್ನು ತೂರಿಕೊಂಡು ಹೋಗಿಬಿಡುವುದುಂಟು. ಆಗ ನೆರೆಯ ಊರು ಮೌನವಾಗಿ, ದೂರದೂರುಗಳೇ ಕೇಳಿಸುತ್ತವೆ. ಈ ಸ್ವಭಾವವನ್ನು ಅರಿತು ಹೊತ್ತು ನೋಡಿ ಮಾತನಾಡುವುದೇ ಜಾಣತನ.

ನಮ್ಮ ಅಟ್ಟದ ಯೋಗ್ಯತೆ

ಮಲೆನಾಡಿನ ಹಳೆಯ ಮನೆಯಲ್ಲಿ ಅಟ್ಟವೆಂದರೆ ಹಂಡೆ, ಕೊಪ್ಪರಿಗೆ, ತೊಟ್ಟಿಲು, ಗೊರಬು, ಹಣ್ಣಿಗಿಟ್ಟ ಬಾಳೆಗೊನೆ ಇವುಗಳ ತಾಣ. ಅದರ ಮೇಲೆ ಮರದ ತೊಲೆ, ರೀಪು. ಅದರ ಮೇಲೆ ಮಂಗಳೂರು ಹಂಚು. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ಘಟ್ಟದ ಮೇಲಕ್ಕೂ ಹಬ್ಬಿದ ಈ ಸುಟ್ಟಮಣ್ಣಿನ ಹಂಚಿನ ಮೂಲಕ ಕಿರುತರಂಗ ಹೆಚ್ಚು ಅಡ್ಡಿಯಿಲ್ಲದೆ ಹಾದುಹೋಗುತ್ತದೆ. ಹಂಚು ಮಳೆಯಲ್ಲಿ ನೆನೆದರೆ ಅಲ್ಪಸ್ವಲ್ಪ ನಷ್ಟವಾದೀತು, ತಡೆಯಾಗುವುದಿಲ್ಲ.

ತಗಡಿನ ಮಾತೇ ಬೇರೆ. ಹಂಚು ತೆಗೆದು ಕಬ್ಬಿಣದ ಅಥವಾ ಅಲ್ಯೂಮಿನಿಯಂ ತಗಡು ಹೊದಿಸಿದ ಮನೆಯ ಅಟ್ಟ ಅಲೆಗೆ ಸೆರೆಮನೆಯಿದ್ದಂತೆ. ಹಂಚಿನಡಿಯಲ್ಲಿ ಸೆಕೆ ತಡೆಯಲೆಂದು ಬೆಳ್ಳಿಬಣ್ಣದ ಹಾಳೆ ಹೊಡೆಸಿದ್ದರೂ ಇದೇ ಕಥೆ. ಪರೀಕ್ಷಿಸುವ ಸುಲಭೋಪಾಯವೊಂದಿದೆ. ಸಣ್ಣ ಟ್ರಾನ್ಸಿಸ್ಟರ್ ರೇಡಿಯೋದಲ್ಲಿ ದೂರದ ನಿಲಯವೊಂದನ್ನು ಅಂಗಳದಲ್ಲಿ ಹಿಡಿದು, ಹಾಗೆಯೇ ಅಟ್ಟಕ್ಕೆ ಕೊಂಡೊಯ್ಯಿರಿ. ದನಿ ಹೆಚ್ಚುಕಡಮೆ ಹಾಗೆಯೇ ಉಳಿದರೆ ಅಟ್ಟ ಯೋಗ್ಯ. ತೀರ ಕುಂದಿದರೆ ತಂತಿಗೆ ಹೊರಗೇ ಸ್ಥಳ ಹುಡುಕಬೇಕು.

ತೋಟದಲ್ಲಿ ಸಿಲ್ವರ್ ಓಕ್ ಮರಗಳು ಕಂಬದಂತೆ ನಿಂತಿರುವಾಗ ಅಟ್ಟವೇಕೆ ಎಂದು ಕೇಳಬಹುದು. ಮರಗಳ ನಡುವೆ ಕಟ್ಟಿದ ತಂತಿ ಚೆನ್ನಾಗಿಯೇ ಮಾತನಾಡುತ್ತದೆ. ಆದರೆ ಗಾಳಿಮಳೆಗೆ ಕೊಂಬೆ ಮುರಿದು ತಂತಿ ಹರಿಯುವುದೂ ಅಂಥ ಮಳೆಯಲ್ಲಿಯೇ. ನಮಗೆ ಮಾತು ಬೇಕಾಗುವುದೂ ಆಗಲೇ. ಆನೆ ಓಡಾಡುವ ಸೀಮೆಯಲ್ಲಿ ಕತ್ತಲಲ್ಲಿ ತೋಟಕ್ಕಿಳಿದು ತಂತಿ ಸರಿಪಡಿಸಲು ಯಾರನ್ನು ಕಳುಹಿಸೋಣ? ಆಲೂರು, ಸಕಲೇಶಪುರದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಅಟ್ಟದ ತಂತಿಗೆ ಗಾಳಿಯಿಲ್ಲ, ನೀರಿಲ್ಲ, ಪಾಚಿಯಿಲ್ಲ. ಹಗಲಾಗಲಿ ಇರುಳಾಗಲಿ ಏಣಿ ಹತ್ತಿದರೆ ಕೈಗೆ ಸಿಗುತ್ತದೆ. ಸ್ವಲ್ಪ ಬಲ ಕಡಮೆಯಾದರೂ ಬೇಕಾದಾಗ ಉಳಿದಿರುವ ತಂತಿಯೇ ಮೇಲು.

ಅಳತೆ ಮತ್ತು ಕಟ್ಟುವ ಕ್ರಮ

ಹಿಂದೆ ವಾಲ್ವು ರೇಡಿಯೋ ಇದ್ದ ಮನೆಗಳಲ್ಲಿ ನಡುಮನೆಯ ಗೋಡೆಯಿಂದ ಗೋಡೆಗೆ ತಾಮ್ರದ ಜಾಳಿಗೆಯ ಏರಿಯಲ್ ಕಟ್ಟುತ್ತಿದ್ದುದನ್ನು ಹಿರಿಯರು ಬಲ್ಲರು. ಕೇಳುವುದಕ್ಕಷ್ಟೇ ಬಳಸುವ ಆ ಏರಿಯಲ್ಲಿಗೆ ಅಳತೆಯ ಕಟ್ಟು ಇರಲಿಲ್ಲ. ಮಾತು ಕಳುಹಿಸುವ ತಂತಿಗೆ ಅಳತೆಯೇ ಪ್ರಾಣ. ವೀಣೆಯ ತಂತಿ ತನ್ನ ಉದ್ದಕ್ಕೆ ತಕ್ಕ ಶ್ರುತಿಯಲ್ಲಿ ಮಿಡಿಯುವಂತೆ ಈ ತಂತಿಯೂ ಅಲೆಯ ಅರ್ಧದಷ್ಟು ಉದ್ದವಿದ್ದಾಗ ಸಲೀಸಾಗಿ ಮಿಡಿಯುತ್ತದೆ.

ಲೆಕ್ಕ ಸರಳ. 468ನ್ನು ಮೆಗಾಹರ್ಟ್ಸ್ ಸಂಖ್ಯೆಯಿಂದ ಭಾಗಿಸಿದರೆ ಅಡಿಗಳಲ್ಲಿ ಉದ್ದ ದೊರೆಯುತ್ತದೆ. 7.1ಕ್ಕೆ ಸುಮಾರು 66 ಅಡಿ. ಇದನ್ನು ನಡುವೆ ಕತ್ತರಿಸಿ, 33 ಅಡಿಯ ಎರಡು ತೋಳುಗಳಾಗಿ ಮಾಡಬೇಕು. 20 ಮೀಟರ್ ಪಟ್ಟಿಗಾದರೆ, ಎಂದರೆ 14.2 ಮೆಗಾಹರ್ಟ್ಸ್‌ಗಾದರೆ, ಒಟ್ಟು 33 ಅಡಿ. ತೋಳಿಗೆ ಹದಿನಾರೂವರೆ ಅಡಿ. ಮನೆಯ ವೈರಿಂಗಿಗೆ ಬಳಸುವ ಪ್ಲಾಸ್ಟಿಕ್ ಹೊದಿಕೆಯ ತಾಮ್ರದ ತಂತಿಯೇ ಸಾಕು. ಕೆಲವು ನೂರು ರೂಪಾಯಿಗೆ ಮುಗಿಯುವ ವೆಚ್ಚ.

66 ಅಡಿಯ ಅಟ್ಟ ಎಲ್ಲ ಮನೆಗಳಲ್ಲಿ ಇರುವುದಿಲ್ಲ. ಅದಕ್ಕಾಗಿ ಹಿಂಜರಿಯಬೇಕಾದ್ದಿಲ್ಲ. ತಂತಿಯಲ್ಲಿ ವಿದ್ಯುತ್ಪ್ರವಾಹ ನಡುವಿನಲ್ಲಿ ಹೆಚ್ಚು, ತುದಿಗಳಲ್ಲಿ ಕಡಮೆ. ಬಾನಿಗೆ ಅಲೆಯನ್ನು ಬೀರುವ ಕೆಲಸವನ್ನು ಬಹುಪಾಲು ನಡುಭಾಗವೇ ಮಾಡುತ್ತದೆ. ಆದುದರಿಂದ 45 ಅಡಿಯ ಅಟ್ಟದಲ್ಲಿ ನಡುಭಾಗವನ್ನು ಛಾವಣಿಯ ನೆತ್ತಿಯ ಮರದ ಗುಂಟ ನೇರವಾಗಿ ಎಳೆದು, ಉಳಿದ ಹತ್ತಡಿಯಷ್ಟನ್ನು ಎರಡೂ ತುದಿಗಳಲ್ಲಿ ಛಾವಣಿಯ ಇಳಿಜಾರಿನ ಗುಂಟ ಬಾಗಿಸಿ ಇಳಿಸಬಹುದು. ತಂತಿಯನ್ನು ಸುರುಳಿ ಸುತ್ತಿಡುವುದಾಗಲಿ, ಹೋದ ದಾರಿಯಲ್ಲಿಯೇ ಹಿಂದಕ್ಕೆ ತರುವುದಾಗಲಿ ಕೂಡದು.

ಎರಡು ತೋಳುಗಳು ಸೇರುವ ನಡುವಿನಲ್ಲಿ 50 ಓಮ್‌ನ ಕೋಆಕ್ಸಿಯಲ್ ಕೇಬಲ್ ಜೋಡಿಸಿ, ಒಳತಂತಿಯನ್ನು ಒಂದು ತೋಳಿಗೆ, ಹೊರಜಾಲರಿಯನ್ನು ಇನ್ನೊಂದು ತೋಳಿಗೆ ಬೆಸೆಯಬೇಕು. ಕೇಬಲ್ ಸ್ವಲ್ಪ ದೂರ ತಂತಿಗೆ ಲಂಬವಾಗಿ ಕೆಳಗಿಳಿಯಲಿ. ಬೆಸುಗೆಯ ಬಳಿಯಲ್ಲಿಯೇ ಕೇಬಲ್ಲನ್ನು ಎಂಟು ಹತ್ತು ಸುತ್ತು ಬಳೆಯಂತೆ ಸುತ್ತಿ ಕಟ್ಟಿದರೆ ಅಲೆ ಕೇಬಲ್ಲಿನ ಹೊರಮೈಯಲ್ಲಿ ಹರಿದು ಮನೆಯೊಳಗಿನ ಟಿವಿ, ಫೋನುಗಳನ್ನು ಕಾಡುವುದು ತಗ್ಗುತ್ತದೆ. ತಂತಿ ಮರವನ್ನು ನೇರವಾಗಿ ಮುಟ್ಟದಂತೆ ಹಳೆಯ ವೈರಿಂಗಿನ ಪಿಂಗಾಣಿ ತುಣುಕುಗಳನ್ನಾಗಲಿ, ಪಿವಿಸಿ ಕೊಳವೆಯ ಚೂರುಗಳನ್ನಾಗಲಿ ಆಸರೆ ಕೊಟ್ಟು ನೈಲಾನ್ ದಾರದಿಂದ ಬಿಗಿಯಬೇಕು. ಮನೆಯ ವಿದ್ಯುತ್ ವೈರಿಂಗಿಗೆ ಸಮಾನಾಂತರವಾಗಿ ಹತ್ತಿರ ಹಾಯಿಸಬಾರದು. ದಾಟಲೇಬೇಕಾದರೆ ಅಡ್ಡಲಾಗಿ ದಾಟಿಸಬೇಕು.

ಮರ, ಹಂಚು, ತಂತಿಯ ಹೊದಿಕೆ ಇವುಗಳ ನೆರೆಯಿಂದ ಅಟ್ಟದ ತಂತಿ ಲೆಕ್ಕಕ್ಕಿಂತ ಉದ್ದವಿದ್ದಂತೆ ನಡೆದುಕೊಳ್ಳುತ್ತದೆ. ಆದುದರಿಂದ ಮೊದಲು ತುಸು ಉದ್ದವಾಗಿಯೇ ಕಟ್ಟಿ, ಎಸ್‌ಡಬ್ಲ್ಯುಆರ್ ಮೀಟರಿನಲ್ಲಿ ನೋಡುತ್ತ ಎರಡು ತುದಿಗಳನ್ನೂ ಸಮಸಮವಾಗಿ ಕತ್ತರಿಸುತ್ತ ಬರಬೇಕು. ಈ ಮೀಟರು ಯಂತ್ರದಿಂದ ಹೊರಟ ಶಕ್ತಿಯಲ್ಲಿ ಎಷ್ಟು ಮರಳಿ ಬರುತ್ತಿದೆಯೆಂದು ತೋರಿಸುತ್ತದೆ. ಒಂದಕ್ಕೆ ಒಂದು ಎಂದು ತೋರಿದರೆ ಪೂರ್ಣ ಹೊಂದಾಣಿಕೆ. ಎರಡಕ್ಕಿಂತ ಕೆಳಗಿದ್ದರೆ ಸಾಕು. 40 ಮೀಟರ್ ತಂತಿಯಲ್ಲಿ ತುದಿಗೆ ಆರಂಗುಲದಂತೆ ಎರಡೂ ಕಡೆ ಕತ್ತರಿಸಿದರೆ ಶ್ರುತಿ ಸುಮಾರು 100 ಕಿಲೋಹರ್ಟ್ಸ್ ಮೇಲೇರುತ್ತದೆ. ಕತ್ತರಿಸಿದ್ದನ್ನು ಮತ್ತೆ ಕೂಡಿಸುವುದು ಕಷ್ಟ. ಆದುದರಿಂದ ಕೈ ತಡೆದು, ಅಂಗುಲ ಅಂಗುಲವಾಗಿ ನಡೆಯಬೇಕು.

ಯಂತ್ರದ ಬೆಲೆ ಹೆಚ್ಚೆಂದು ಹಿಂಜರಿಯುವವರಿಗೆ ಒಂದು ಮಾತು. ಹೈದರಾಬಾದಿನ ಅಶ್‌ಹರ್ ಫರ್ಹಾನ್ ಅವರು ಸುಲಭವಾಗಿ ಸಿಗುವ ಬಿಡಿಭಾಗಗಳಿಂದಲೇ ಮನೆಯಲ್ಲಿ ಕಟ್ಟಿಕೊಳ್ಳಬಹುದಾದ ‘ಬಿಟ್‌ಎಕ್ಸ್’ ಎಂಬ ಯಂತ್ರವನ್ನು 2003ರ ಹೊತ್ತಿಗೆ ರೂಪಿಸಿದರು. ಅದು ಹಲವು ದೇಶಗಳ ಹವ್ಯಾಸಿಗಳ ಮನೆ ಸೇರಿತು. ಐದು ಹತ್ತು ವಾಟಿನ ಯಂತ್ರ ಸಣ್ಣ 12 ವೋಲ್ಟ್ ಬ್ಯಾಟರಿಯಲ್ಲಿಯೇ ನಡೆಯುತ್ತದೆ. ನೂರು ವಾಟಿನದಾದರೆ ಮಾತನಾಡುವಾಗ ಸುಮಾರು 20 ಆಂಪಿಯರ್ ಉಣ್ಣುತ್ತದೆ. ಕರೆಂಟಿಲ್ಲದ ದಿನಗಳಿಗೆ ಮಿತಾಹಾರಿಯೇ ಲೇಸು.

ಎಚ್ಚರಿಕೆಗಳು

ಅಟ್ಟ ಮನೆಯೊಳಗಿನ ಸ್ಥಳವಾದುದರಿಂದ ಕೆಲವು ಮಾತುಗಳನ್ನು ಮನೆಯವರೆಲ್ಲರೂ ತಿಳಿದಿರಬೇಕು.

ತಂತಿಯ ತುದಿಗಳಲ್ಲಿ ಪ್ರವಾಹ ಕಡಮೆಯಾದರೂ ಒತ್ತಡ ಹೆಚ್ಚು. ನೂರು ವಾಟಿನಲ್ಲಿ ಮಾತನಾಡುವಾಗ ಅಲ್ಲಿ ನೂರಾರು ವೋಲ್ಟ್ ಏಳುತ್ತದೆ, ಮುಟ್ಟಿದರೆ ಸುಡುತ್ತದೆ. ಗೋಣಿಚೀಲ, ಒಣಹುಲ್ಲು, ಹಾಳೆ, ಸೌದೆ ಇವು ತುದಿಯ ಬಳಿ ಇರಕೂಡದು. ಒಲೆಯ ಹೊಗೆಯ ಮಸಿ ಕಟ್ಟಿದ ಜಾಗವಾದರೆ ಮೊದಲು ಗುಡಿಸಿ ಒರಸಬೇಕು; ತೇವಗೊಂಡ ಮಸಿ ವಿದ್ಯುತ್ತಿಗೆ ದಾರಿಯಾಗುತ್ತದೆ. ಮಕ್ಕಳು ಅಟ್ಟ ಹತ್ತಿರುವಾಗ ಮಾತನಾಡಕೂಡದು. ಮಲಗುವ ಕೋಣೆಯ ನೇರ ಮೇಲೆ ತಂತಿಯನ್ನು ತಗ್ಗಾಗಿ ಹಾಯಿಸದಿರುವುದು ಒಳಿತು.

ಅಟ್ಟದೊಳಗಿದೆಯೆಂದು ಸಿಡಿಲನ್ನು ಮರೆಯಬಾರದು. ಏಪ್ರಿಲ್, ಮೇ ತಿಂಗಳುಗಳ ಗುಡುಗಿನ ಮಳೆಯಲ್ಲಿ ಮೋಡ ಕವಿದೊಡನೆ ಕೇಬಲ್ಲನ್ನು ಯಂತ್ರದಿಂದ ಬಿಡಿಸಿಡಬೇಕು. ಯಂತ್ರದ ವಿದ್ಯುತ್ ಪ್ಲಗ್ಗನ್ನೂ ಕಿತ್ತಿಡಬೇಕು. ಇಲಿ, ಅಳಿಲುಗಳು ಕೇಬಲ್ ಕಡಿಯುವುದುಂಟು. ಮಳೆಗಾಲಕ್ಕೆ ಮುಂಚೆ ಒಮ್ಮೆ ಉದ್ದಕ್ಕೂ ಕೈಯಾಡಿಸಿ ನೋಡುವುದು ಜಾಣತನ.

ಇನ್ನೊಂದು ತೊಡಕು ಗದ್ದಲದ್ದು. ಎಲ್‌ಇಡಿ ದೀಪಗಳು, ಮೊಬೈಲ್ ಚಾರ್ಜರುಗಳು, ಇನ್ವರ್ಟರ್ ಇವುಗಳಿಂದ ಹೊರಡುವ ಗುಯ್‌ಗುಟ್ಟುವಿಕೆಯನ್ನು ಅಟ್ಟದ ತಂತಿ ಹೊರಗಿನ ತಂತಿಗಿಂತ ಹೆಚ್ಚಾಗಿ ಹಿಡಿಯುತ್ತದೆ. ಆನೆಗೆ ಹಾಕಿದ ಸೋಲಾರ್ ಬೇಲಿಯ ಯಂತ್ರ ಕ್ಷಣಕ್ಕೊಮ್ಮೆ ಕೊಡುವ ಮಿಡಿತವೂ ‘ಟಕ್, ಟಕ್’ ಎಂದು ಕೇಳಿಸುತ್ತದೆ. ಬೇಲಿಗೆ ಬಳ್ಳಿ ತಾಗಿ ಕಿಡಿ ಹಾರುತ್ತಿದ್ದರೆ ಅದು ಇನ್ನೂ ಜೋರು. ಬಳ್ಳಿ ಸವರಿದರೆ ಬೇಲಿಗೂ ಬಲ, ಕಿವಿಗೂ ನೆಮ್ಮದಿ. ಒಂದೊಂದೇ ಉಪಕರಣವನ್ನು ಆರಿಸುತ್ತ ಬಂದರೆ ಗದ್ದಲದ ಮೂಲ ತಿಳಿಯುತ್ತದೆ. ಊರಿಗೆಲ್ಲ ಕರೆಂಟು ಹೋದ ದಿನ ಈ ಗದ್ದಲ ಬಹುಮಟ್ಟಿಗೆ ತಾನಾಗಿಯೇ ಅಡಗಿ, ಮಾತು ಇನ್ನಷ್ಟು ತಿಳಿಯಾಗಿ ಕೇಳುತ್ತದೆ. ಕಷ್ಟಕಾಲದಲ್ಲಿಯೇ ಚೆನ್ನಾಗಿ ಕೇಳಿಸುವ ವಿದ್ಯೆಯಿದು.

ಪರವಾನಗಿ ಮತ್ತು ಕಟ್ಟುಪಾಡು

ಯಂತ್ರ ಕೊಂಡು ತಂತಿ ಕಟ್ಟಿದ ಮಾತ್ರಕ್ಕೆ ಮಾತನಾಡುವ ಹಕ್ಕು ಬಾರದು. ಕೇಂದ್ರ ಸರ್ಕಾರದ ದೂರಸಂಪರ್ಕ ಇಲಾಖೆಯು ನಡೆಸುವ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಪರವಾನಗಿ ಪಡೆಯಬೇಕು. 12 ವರ್ಷ ತುಂಬಿದವರು ಪರೀಕ್ಷೆಗೆ ಕೂರಬಹುದು. ರೇಡಿಯೋ ತತ್ತ್ವ, ನಿಯಮಗಳು ಇವು ಪಠ್ಯ. ‘ನಿರ್ಬಂಧಿತ’ ದರ್ಜೆಗೆ ಮೋರ್ಸ್ ಸಂಕೇತದ ಪರೀಕ್ಷೆಯಿಲ್ಲ. ಪರವಾನಗಿಯೊಡನೆ ವಿಯು2 ಅಥವಾ ವಿಯು3 ಎಂದು ಮೊದಲಾಗುವ ಕರೆಸಂಕೇತ ದೊರೆಯುತ್ತದೆ. ಶಾಲೆ, ಕಾಲೇಜು, ಸಂಘಗಳೂ ತಮ್ಮ ಹೆಸರಿನಲ್ಲಿ ನಿಲಯ ತೆರೆಯಲು ಅವಕಾಶವಿದೆ. ಅರ್ಜಿ ಹಾಕುವ ಮುನ್ನ ಅಂದಿಗೆ ಜಾರಿಯಲ್ಲಿರುವ ನಿಯಮಗಳನ್ನು ಇಲಾಖೆಯಿಂದಲೇ ತಿಳಿದುಕೊಳ್ಳಬೇಕು.

ಈ ಅಲೆಯಲ್ಲಿ ವ್ಯಾಪಾರದ ಮಾತು ಕೂಡದು. ಕಾಫಿಯ ದರ ಕೇಳುವುದಕ್ಕೂ ಮೆಣಸಿನ ಮಾರಾಟಕ್ಕೂ ಇದು ಸಲ್ಲದು. ಹಣ ಪಡೆದು ಸಂದೇಶ ಒಯ್ಯುವಂತಿಲ್ಲ. ಪ್ರಸಾರ ನಿಲಯದಂತೆ ಹಾಡನ್ನಾಗಲಿ ಪ್ರವಚನವನ್ನಾಗಲಿ ಬಿತ್ತರಿಸುವಂತಿಲ್ಲ. ಭಕ್ತಿಯಿಂದಲೇ ಆದರೂ ಆ ತಪ್ಪು ತಪ್ಪೇ. ಗೂಢಭಾಷೆಯೂ ನಿಷಿದ್ಧ, ಆಡಿದ ಮಾತೆಲ್ಲ ಎಲ್ಲರ ಕಿವಿಗೂ ಬೀಳುವಂಥದು.

ಕಾಯಕವೂ ದಾಸೋಹವೂ

ಈ ಕಟ್ಟುಪಾಡುಗಳನ್ನು ನೋಡಿದಾಗ ನಮಗೆ ಶರಣರ ದಾಸೋಹ ತತ್ತ್ವ ನೆನಪಾಗದಿರದು. ತಾನು ದುಡಿದು ಕಲಿತದ್ದನ್ನು ಪ್ರತಿಫಲ ಬಯಸದೆ ಸಮಾಜಕ್ಕೆ ಅರ್ಪಿಸುವುದು ದಾಸೋಹ. ಸಿದ್ಧಗಂಗೆಯ ಪರಮಪೂಜ್ಯ ಶ್ರೀ ಶಿವಕುಮಾರ ಮಹಾಸ್ವಾಮಿಗಳವರು ಅನ್ನ, ಅಕ್ಷರ, ಆಶ್ರಯಗಳೆಂಬ ತ್ರಿವಿಧ ದಾಸೋಹವನ್ನು ಬಾಳಿ ತೋರಿಸಿದರು. ಹಣವನ್ನೇ ಮುಟ್ಟದೆ ನೆರೆಯವರ ಕ್ಷೇಮವಾರ್ತೆಯನ್ನು ಹೊತ್ತೊಯ್ಯುವ ಕೆಲಸವೂ ಆ ದಾರಿಯದೇ ಎಂದು ನಾವು ಭಾವಿಸುತ್ತೇವೆ. ಅನುಭವ ಮಂಟಪದಲ್ಲಿ ಮಡಿವಾಳ ಮಾಚಿದೇವರು, ಅಂಬಿಗರ ಚೌಡಯ್ಯನವರು ಮೊದಲಾದ ಶರಣರು ಹುಟ್ಟಿನ ಹಂಗಿಲ್ಲದೆ ಒಂದೇ ನೆಲೆಯಲ್ಲಿ ಕುಳಿತು ಮಾತನಾಡಿದರು. ಹವ್ಯಾಸಿಗಳ ಲೋಕದಲ್ಲಿಯೂ ಕರೆಸಂಕೇತ ಕೇಳಿದರೆ ದೇಶ ತಿಳಿದೀತು. ಜಾತಿ ತಿಳಿಯದು, ಸಿರಿತನ ತಿಳಿಯದು. ಇನ್ನೊಬ್ಬರ ಮಾತು ಮುಗಿಯುವವರೆಗೆ ಕೇಳಿ, ಅಲೆ ಬಿಡುವಾಗಿದೆಯೇ ಎಂದು ವಿಚಾರಿಸಿ, ಆ ಮೇಲೆ ಬಾಯಿ ತೆರೆಯುವುದು ಅಲ್ಲಿನ ಮೊದಲ ಪಾಠ. ನಮ್ಮ ಸಭೆಗಳಲ್ಲಿಯೂ ಮನೆಗಳಲ್ಲಿಯೂ ಈ ಪಾಠ ಬೇಡವೆನ್ನುವಂತಿಲ್ಲ.

ಈ ವಿದ್ಯೆ ಗಂಡಸರದ್ದೆಂದು ಯಾರೂ ಭಾವಿಸದಿರಲಿ. 2004ರ ಡಿಸೆಂಬರ್ 26ರಂದು ಸುನಾಮಿ ಅಪ್ಪಳಿಸಿದಾಗ, ಹವ್ಯಾಸಿ ರೇಡಿಯೋ ಪ್ರಯೋಗಕ್ಕೆಂದು ಅಂಡಮಾನಿನ ಪೋರ್ಟ್ ಬ್ಲೇರಿಗೆ ಹೋಗಿದ್ದ ತಂಡದ ಮುಂದಾಳು ಭಾರತಿ ಪ್ರಸಾದ್ ಎಂಬ ಮಹಿಳೆ. ಅವರ ಕರೆಸಂಕೇತ ವಿಯು2ಆರ್‌ಬಿಐ. ಫೋನುಗಳು ಸತ್ತ ಆ ದಿನಗಳಲ್ಲಿ ಅವರೂ ಅವರ ತಂಡದವರೂ ಯಂತ್ರದ ಮುಂದೆ ಕುಳಿತು, ದ್ವೀಪದವರ ಕ್ಷೇಮವಾರ್ತೆಯನ್ನು ಒಳನಾಡಿನ ಬಂಧುಗಳಿಗೆ ಮುಟ್ಟಿಸಿದರು. ಪ್ರಯೋಗಕ್ಕೆಂದು ಕಟ್ಟಿದ ತಂತಿ ಪ್ರಾಣದ ತಂತಿಯಾಯಿತು. ಅಂದು ಆ ತಂತಿ ಅಲ್ಲಿ ಮೊದಲೇ ಇದ್ದುದರಿಂದಲೇ ಇದು ಆಯಿತೆಂಬುದನ್ನು ಗಮನಿಸಬೇಕು.

ಒಂದು ಮಾತನ್ನು ಮರೆಮಾಚದೆ ಹೇಳಬೇಕು. ಒಂದೇ ಮನೆಯ ತಂತಿಯಿಂದ ಏನೂ ಆಗದು. ಈ ಕಡೆ ಮಾತನಾಡುವವರಿದ್ದಂತೆ ಆ ಕಡೆ ಕೇಳುವವರಿರಬೇಕು. ಸಕಲೇಶಪುರದ ಒಂದು ತೋಟದ ಮನೆ, ಆಲೂರಿನ ಒಂದು ಶಾಲೆ, ಹಾಸನದಲ್ಲಿ ಒಬ್ಬರು, ಬೆಂಗಳೂರಿನಲ್ಲಿ ಓದುತ್ತಿರುವ ಮಗನೋ ಮಗಳೋ ಒಬ್ಬರು, ಹೀಗೆ ನಾಲ್ಕಾರು ಜನ ಪರವಾನಗಿ ಪಡೆದು, ವಾರಕ್ಕೊಂದು ದಿನ ಗೊತ್ತಾದ ಹೊತ್ತಿನಲ್ಲಿ ಪರಸ್ಪರ ಕರೆದು ಮಾತನಾಡುವ ರೂಢಿ ಇಟ್ಟುಕೊಂಡರೆ, ಗುಡ್ಡ ಕುಸಿದ ದಿನ ಯಾವ ಗಡಿಬಿಡಿಯೂ ಇಲ್ಲದೆ ಕೆಲಸ ನಡೆಯುತ್ತದೆ. ಪ್ರತಿದಿನ ಇಷ್ಟಲಿಂಗ ಪೂಜೆಯ ನಿಯಮವಿರುವ ಮನೆಗಳಿಗೆ ಹೊತ್ತು ತಪ್ಪದಿರುವುದನ್ನು ಹೊಸದಾಗಿ ಕಲಿಸಬೇಕಾಗಿಲ್ಲ.

ನಮ್ಮ ಮಠಗಳು ನಡೆಸುತ್ತಿರುವ ಪ್ರೌಢಶಾಲೆ, ಕಾಲೇಜುಗಳು ನಾಡಿನಲ್ಲಿ ನೂರಾರಿವೆ. ಮಲೆನಾಡಿನ ಅಂಚಿನಲ್ಲಿರುವ ಅಂಥ ಶಾಲೆಗಳಲ್ಲಿ ಒಂದೊಂದು ಹವ್ಯಾಸಿ ನಿಲಯ ಆರಂಭವಾದರೆ ಮಕ್ಕಳಿಗೆ ಭೌತವಿಜ್ಞಾನ ಕೈಯಿಂದ ಕಲಿತಂತಾಗುತ್ತದೆ, ಊರಿಗೆ ಆಪತ್ಕಾಲದ ಆಸರೆಯೂ ಆಗುತ್ತದೆ. ತೋಟದ ಮನೆಯ ಹಿರಿಯರು ಈ ಬೇಸಿಗೆ ರಜೆಗೆ ಮೊಮ್ಮಕ್ಕಳು ಬಂದಾಗ ಅವರನ್ನು ಕರೆದುಕೊಂಡು ಒಮ್ಮೆ ಅಟ್ಟ ಹತ್ತಲಿ. ಹಂಚೋ ತಗಡೋ ನೋಡಲಿ, ನೆತ್ತಿಯ ಮರದ ಉದ್ದವನ್ನು ಟೇಪು ಹಿಡಿದು ಅಳೆಯಲಿ. ಪರೀಕ್ಷೆಯ ಪುಸ್ತಕವನ್ನು ಮಕ್ಕಳು ಓದಲಿ. ಮುಂಗಾರಿಗೆ ಮುನ್ನ ತಂತಿ ಕಟ್ಟುವುದಾದರೆ ಅಳತೆ ಈಗಲೇ ಆಗಬೇಕು.